ಒಂದೇ ಬಾಣಲೆ, ಹತ್ತು ದೇಶ

ಬೆಂಗಳೂರಿನ ಕಮ್ಮನಹಳ್ಳಿ, ಕೋರಮಂಗಲ, ಎಲೆಕ್ಟ್ರಾನಿಕ್ ಸಿಟಿಯಂಥ ಬಡಾವಣೆಗಳಲ್ಲಿ ಕೈಗೆಟಕುವ ದರದ ‘ಪ್ಯಾನ್ ಏಷ್ಯನ್’ ಹೋಟೆಲುಗಳಿಗೆ ಬರವಿಲ್ಲ. ಚೀನಾದ ನೂಡಲ್ಸ್, ಥಾಯ್ಲೆಂಡಿನ ಕರಿ, ಜಪಾನಿನ ಸುಶಿ ಮತ್ತು ರಾಮೆನ್, ಕೊರಿಯಾದ ಕಿಮ್ಚಿ, ಟಿಬೆಟಿನ ಮೊಮೊ, ಬರ್ಮಾದ ಖೌಸ್ವೆ ಎಲ್ಲವೂ ಅಲ್ಲಿ ಒಂದೇ ಮೆನುವಿನಲ್ಲಿರುತ್ತವೆ. ಇಬ್ಬರು ಹೊಟ್ಟೆ ತುಂಬ ಉಂಡೆದ್ದರೆ ಬಿಲ್ಲು 500ರಿಂದ 800 ರೂಪಾಯಿಯ ಆಸುಪಾಸಿಗೆ ಬರುತ್ತದೆ. ವಿಜಯನಗರ ಜಿಲ್ಲೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಿ ಸಂಜೆಯಾಗುತ್ತಲೇ ರಸ್ತೆ ಬದಿಗೆ ಬಂದು ನಿಲ್ಲುವ ಗೋಬಿ ಬಂಡಿ ಇದೇ ಮೆನುವಿನ ಚಿಕ್ಕ ರೂಪ. ಅಲ್ಲಿ ಹಾಫ್ ಪ್ಲೇಟ್ ಗೋಬಿಗೆ 30ರಿಂದ 50 ರೂಪಾಯಿ ಕೊಟ್ಟರೆ ಸಾಕು.

ನಗರದ ಹೋಟೆಲಿಗೂ ಊರಿನ ಬಂಡಿಗೂ ಮೇಜು, ಕುರ್ಚಿ, ಏಸಿಯ ವ್ಯತ್ಯಾಸವಿದೆಯೇ ಹೊರತು ಒಲೆಯ ಬಳಿಯ ಲೆಕ್ಕ ಒಂದೇ. ಜೋರು ಉರಿ, ಮೊದಲೇ ಹೆಚ್ಚಿ, ಬೇಯಿಸಿ, ಕರಿದಿಟ್ಟ ಸಾಮಾನು, ನಾಲ್ಕೈದು ಬಾಟಲಿ ಸಾಸು. ಈ ಅಡುಗೆ ಅಗ್ಗವಾದದ್ದು, ಎಲ್ಲಿ ತಿಂದರೂ ಹೆಚ್ಚುಕಡಿಮೆ ಅದೇ ರುಚಿ ಬರುವುದು, ಅದೇ ಸೀಮೆಯ ಮೈಲಾರದ ಜಾತ್ರೆಯ ಅಂಗಡಿ ಸಾಲಿನವರೆಗೂ ಅದು ತಲುಪಿದ್ದು, ಮೂರೂ ಈ ಲೆಕ್ಕದಿಂದಲೇ ಆದ ಕೆಲಸ.

ಕೋಲ್ಕತ್ತದ ಚೀನೀಯರು

ಭಾರತಕ್ಕೆ ಚೀನೀ ಅಡುಗೆ ಬಂದದ್ದು ಕೋಲ್ಕತ್ತದ ಮೂಲಕ. 18ನೇ ಶತಮಾನದ ಕೊನೆಯ ಹೊತ್ತಿಗೆ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಹೂಗ್ಲಿ ನದಿಯ ದಂಡೆಯಲ್ಲಿ ಸಕ್ಕರೆ ಕಾರ್ಖಾನೆ ಹಾಕಿದ. ಆತನ ಹೆಸರಿನಿಂದಲೇ ಆ ಜಾಗ ಅಚಿಪುರವಾಯಿತು. ಆಮೇಲೆ ಬಂದವರು ಕುಲಕಸುಬಿನಂತೆ ಒಂದೊಂದು ವೃತ್ತಿ ಹಿಡಿದರು. ಕ್ಯಾಂಟನ್ ಕಡೆಯವರು ಬಡಗಿಗಳಾದರು, ಹುಬೈ ಪ್ರಾಂತ್ಯದವರು ಹಲ್ಲಿನ ವೈದ್ಯರಾದರು, ಹಕ್ಕಾ ಜನ ಟಾಂಗ್ರಾ ಎಂಬಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು ತೆರೆದರು. ಇಂದು ಬಂಡಿಯ ಬೋರ್ಡಿನ ಮೇಲೆ ಕಾಣುವ ‘ಹಕ್ಕಾ ನೂಡಲ್ಸ್’ ಈ ಜನರ ಹೆಸರನ್ನೇ ಹೊತ್ತಿದೆ.

1962ರ ಚೀನಾ ಯುದ್ಧ ಈ ಸಮುದಾಯದ ಬೆನ್ನು ಮುರಿಯಿತು. ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಬಿಡುಗಡೆಯಾಗಿ ಬಂದವರಲ್ಲಿ ಅನೇಕರು ಕೆನಡಾ ಮುಂತಾದ ದೇಶಗಳಿಗೆ ಹೋದರು. ಉಳಿದವರಲ್ಲಿ ಕೆಲವರು ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ಹೋಟೆಲು, ಬ್ಯೂಟಿ ಪಾರ್ಲರ್, ದಂತ ಚಿಕಿತ್ಸಾಲಯ ನಡೆಸಿದರು. ಟಾಂಗ್ರಾದ ಚರ್ಮದ ಕಾರ್ಖಾನೆಗಳನ್ನು ಊರಾಚೆಗೆ ಸಾಗಿಸುವಂತೆ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಅಲ್ಲಿನ ಹಲವು ಕಾರ್ಖಾನೆ ಕಟ್ಟಡಗಳೇ ಹೋಟೆಲುಗಳಾದವು.

ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬೈಗೆ ಬಂದು ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಕೆಲಸಕ್ಕೆ ಸೇರಿದರು. ಮೆನುವಿನಲ್ಲಿ ಇಲ್ಲದ್ದೇನಾದರೂ ಮಾಡಿಕೊಡಿ ಎಂದು ಅತಿಥಿಯೊಬ್ಬರು ಕೇಳಿದಾಗ ಅವರು ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರ್‌ನಿಂದ ಗಟ್ಟಿ ಮಾಡಿ, ಕರಿದ ಕೋಳಿ ತುಂಡು ಹಾಕಿ ಕೊಟ್ಟರಂತೆ. ಚಿಕನ್ ಮಂಚೂರಿಯನ್ ಹುಟ್ಟಿದ್ದು ಹೀಗೆ ಎಂಬುದು ವಾಂಗ್ ಅವರೇ ಹೇಳಿರುವ ಕಥೆ. ವರ್ಷ 1975. ಚೀನಾದ ಮಂಚೂರಿಯಾ ಪ್ರದೇಶಕ್ಕೂ ಈ ಪದಾರ್ಥಕ್ಕೂ ಸಂಬಂಧವಿಲ್ಲ. ಒಗ್ಗರಣೆಯ ಮೂರು ಸಾಮಾನು ನಮ್ಮವು, ಸಾಸು ಮಾತ್ರ ಚೀನಾದ್ದು. ಹಾಗಾಗಿಯೇ ಇದು ಭಾರತೀಯರ ನಾಲಿಗೆಗೆ ಅಪರಿಚಿತ ಎನಿಸಲಿಲ್ಲ. ಕೋಳಿಯ ಜಾಗದಲ್ಲಿ ಹೂಕೋಸು ಕೂತಾಗ ಸಸ್ಯಾಹಾರಿಗಳ ಬಾಗಿಲೂ ತೆರೆಯಿತು. ಹೂಕೋಸೂ ಹೊರಗಿನಿಂದ ಬಂದದ್ದೇ. ಬ್ರಿಟಿಷರು 1822ರಲ್ಲಿ ಸಹಾರನ್‌ಪುರದ ತೋಟಕ್ಕೆ ಅದರ ಬೀಜ ತರಿಸಿದ್ದರು.

ದರ್ಶಿನಿಯ ಸಂಜೆ ಕೌಂಟರ್

ಬೆಂಗಳೂರಿನಲ್ಲಿ ಮೊದಲಿಗೆ ಚೀನೀ ಊಟವೆಂದರೆ ದಂಡು ಪ್ರದೇಶದ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳ ಸುತ್ತಮುತ್ತ ಸಿಗುವ, ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ಹೋಗಿ ಉಣ್ಣುವ ದುಬಾರಿ ಊಟವಾಗಿತ್ತು. ಅದನ್ನು ಕೆಳಗಿಳಿಸಿದ್ದು ಎರಡು ಬೆಳವಣಿಗೆಗಳು. ಮೊದಲನೆಯದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವ, ಟೋಕನ್ ಪಡೆದು ತಾವೇ ತಟ್ಟೆ ತೆಗೆದುಕೊಳ್ಳುವ ಪದ್ಧತಿ ನಗರದುದ್ದಕ್ಕೂ ಹಬ್ಬಿತು. ಇಡ್ಲಿ, ದೋಸೆಯ ವ್ಯಾಪಾರ ಬೆಳಿಗ್ಗೆಯದು. ಸಂಜೆ ಮತ್ತು ರಾತ್ರಿ ಗಿರಾಕಿಗಳನ್ನು ಹಿಡಿಯಲು ಮಾಲೀಕರು ‘ನಾರ್ತ್ ಇಂಡಿಯನ್, ಚೈನೀಸ್’ ಎಂಬ ಇನ್ನೊಂದು ಕೌಂಟರ್ ಹಾಕಿದರು. ಗೋಬಿ ಮಂಚೂರಿ, ವೆಜ್ ಫ್ರೈಡ್ ರೈಸ್, ಸ್ವೀಟ್ ಕಾರ್ನ್ ಸೂಪು ಉಡುಪಿ ಹೋಟೆಲಿನ ಊಟದ ಪಟ್ಟಿಗೆ ಸೇರಿದ್ದು ಈ ದಾರಿಯಲ್ಲಿ. ಕಾಫಿಯನ್ನು ಹಂಚಿಕೊಂಡು ಕುಡಿಯುವ ‘ಒನ್ ಬೈ ಟೂ’ ಪದ್ಧತಿ ಸೂಪಿಗೂ ಅನ್ವಯವಾಯಿತು. ಮಾಣಿ ಕೇಳುವ ಮೊದಲೇ ಎರಡು ಬಟ್ಟಲು ತರುತ್ತಾನೆ.

ಎರಡನೆಯದು ಚುಂಗ್ ವಾ, ಬೀಜಿಂಗ್ ಬೈಟ್ಸ್‌ನಂಥ ಸರಣಿ ಹೋಟೆಲುಗಳು. ಬಡಾವಣೆಗೊಂದು ಶಾಖೆ, ಎಲ್ಲ ಕಡೆ ಒಂದೇ ಮೆನು, ಮಧ್ಯಮ ವರ್ಗದ ಕುಟುಂಬ ತಿಂಗಳಿಗೊಮ್ಮೆಯಾದರೂ ಹೋಗಬಲ್ಲಷ್ಟು ದರ. 2008ರಲ್ಲಿ ಕೋಲ್ಕತ್ತದ ಕಾಲೇಜು ಗೆಳೆಯರಿಬ್ಬರು 30,000 ರೂಪಾಯಿ ಬಂಡವಾಳದಲ್ಲಿ ತೆರೆದ ‘ವಾವ್ ಮೊಮೊ’ ಕೂಡ ಆಮೇಲೆ ಬೆಂಗಳೂರಿನ ಮಾಲ್‌ಗಳಿಗೆ ಬಂತು. 2014ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಸ್ವಿಗ್ಗಿ ಇನ್ನೊಂದು ತಿರುವು ಕೊಟ್ಟಿತು. ಮೇಜು ಕುರ್ಚಿಯೇ ಇಲ್ಲದ, ಬರೀ ಪಾರ್ಸೆಲ್‌ಗಾಗಿ ಬೇಯಿಸುವ ಅಡುಗೆಮನೆಗಳು ಹುಟ್ಟಿಕೊಂಡವು. ಬಾಡಿಗೆ ಉಳಿಯಿತು, ಮೆನು ಉದ್ದವಾಯಿತು.

ಚೀನಾದಾಚೆಯ ರುಚಿಗಳು ನಗರಕ್ಕೆ ಜನರ ಜೊತೆಗೇ ಬಂದವು. ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಗೆ ಉತ್ಪಾದನೆ ಆರಂಭಿಸಿದ ಮೇಲೆ ಜಪಾನೀ ಎಂಜಿನಿಯರುಗಳ ಕುಟುಂಬಗಳು ಬೆಂಗಳೂರಿನಲ್ಲಿ ನೆಲೆಸಿದವು. ಅವರಿಗಾಗಿ ತೆರೆದ ಜಪಾನೀ ಹೋಟೆಲುಗಳ ಗಿರಾಕಿಗಳಲ್ಲಿ ಕ್ರಮೇಣ ಕನ್ನಡಿಗರೂ ಸೇರಿದರು. ಕೊರಿಯಾದ ಕಂಪನಿಗಳು, ವಿದ್ಯಾರ್ಥಿಗಳಿಂದ ಕಿಮ್ಚಿ ಬಂತು. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲಿ ಕೂತು ಕೊರಿಯಾದ ಧಾರಾವಾಹಿ ನೋಡಿದ ಹುಡುಗ ಹುಡುಗಿಯರಿಂದ ಅದಕ್ಕೆ ಬೇಡಿಕೆ ಹೆಚ್ಚಿತು.

ನಗರದ ಈ ಹೋಟೆಲುಗಳ ಅಡುಗೆಮನೆಯಲ್ಲಿ ಮತ್ತು ಬಡಿಸುವಲ್ಲಿ ದುಡಿಯುವವರ ಪೈಕಿ ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ, ಅಸ್ಸಾಂ, ಡಾರ್ಜಿಲಿಂಗ್ ಮತ್ತು ನೇಪಾಳದವರ ಪಾಲು ದೊಡ್ಡದು. 2012ರ ಆಗಸ್ಟಿನಲ್ಲಿ ಹಲ್ಲೆಯ ವದಂತಿ ಹಬ್ಬಿ ಈಶಾನ್ಯದ ಸಾವಿರಾರು ಜನ ಎರಡು ಮೂರು ದಿನಗಳಲ್ಲೇ ಗುವಾಹಟಿ ರೈಲು ಹತ್ತಿದರು. ವದಂತಿ ತಣ್ಣಗಾದ ಮೇಲೆ ಬಹಳಷ್ಟು ಜನ ಹಿಂದಿರುಗಿದರು. ನಗರದ ಹೋಟೆಲು, ಪಾರ್ಲರ್, ಭದ್ರತಾ ಕೆಲಸಗಳು ಅವರನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದು ಆ ವಾರ ಎಲ್ಲರಿಗೂ ಮನದಟ್ಟಾಯಿತು.

ಮುಂಡಗೋಡದ ಮೊಮೊ

ಪ್ಯಾನ್ ಏಷ್ಯನ್ ಮೆನುವಿನಲ್ಲಿ ಕರ್ನಾಟಕದ ನೆಲದಲ್ಲೇ ಬೇರು ಬಿಟ್ಟಿರುವುದು ಟಿಬೆಟಿನ ಅಡುಗೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ ನಿರಾಶ್ರಿತರಿಗಾಗಿ ಮೈಸೂರು ರಾಜ್ಯ ಭೂಮಿ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆ, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡ, 1970ರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯದ ಶಿಬಿರಗಳು ಆದವು. ಮುಂಡಗೋಡದ ಶಿಬಿರ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಅವರು ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ, 1902ರ ಡಿಸೆಂಬರ್ 10ರಂದು. ಟಿಬೆಟನ್ನರು ಅವರ ಹೆಸರನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಮುಂಡಗೋಡ, ಬೈಲುಕುಪ್ಪೆಗಳ ಸಣ್ಣ ಹೋಟೆಲುಗಳಲ್ಲಿ ಮೊಮೊ ಜೊತೆಗೆ ತುಕ್ಪಾ ಎಂಬ ನೂಡಲ್ಸ್ ಸಾರು, ಹಿಟ್ಟನ್ನು ಕೈಯಿಂದ ಹರಿದು ಸಾರಿಗೆ ಹಾಕುವ ತೆಂತುಕ್, ಹಬೆಯಲ್ಲಿ ಬೇಯಿಸಿದ ಟಿಂಗ್ಮೊ ಬನ್ನು ಸಿಗುತ್ತವೆ. ಇವುಗಳಲ್ಲಿ ಸಾಸಿನ ಅಬ್ಬರ ಕಡಿಮೆ. ಸಾರಿನ ಸತ್ವ, ಹಿಟ್ಟಿನ ಹದ, ಒಳಗಿನ ಹೂರಣವೇ ರುಚಿಗೆ ಆಧಾರ. ನಗರದ ಬೀದಿಗೆ ಬಂದ ಮೊಮೊ ಬೇರೆಯೇ ಆಗಿದೆ. ಪನೀರ್, ಚೀಸು, ಶೇಜ್ವಾನ್ ಹೂರಣ ತುಂಬಿದ ಮೊಮೊ, ಎಣ್ಣೆಯಲ್ಲಿ ಕರಿದ ಮೊಮೊ, ತಂದೂರಿ ಮೊಮೊ ಎಂದು ಅದರ ಅವತಾರಗಳು ಹಲವು. ಆದರೂ ಮೊಮೊ ಅಗ್ಗವಾಗಿ ಉಳಿದಿರುವುದಕ್ಕೆ ಕಾರಣ ಸರಳ. ಮೈದಾ, ಎಲೆಕೋಸು, ಗಜ್ಜರಿ, ಈರುಳ್ಳಿ ಅಷ್ಟೇ ಬೇಕು. ಹಬೆಯಲ್ಲಿ ಬೇಯಿಸಿದರೆ ಎಣ್ಣೆಯ ಖರ್ಚಿಲ್ಲ. ಒಂದರ ಮೇಲೊಂದು ಪೇರಿಸಿದ ಹಬೆಪಾತ್ರೆಯಲ್ಲಿ ಒಂದೇ ಸಲಕ್ಕೆ ನೂರಾರು ಬೇಯುತ್ತವೆ.

ಜೋರು ಉರಿಯ ಲೆಕ್ಕ

ಅಗ್ಗದ ಏಷ್ಯನ್ ಅಡುಗೆಮನೆಯ ಯಜಮಾನ ಬಾಣಲೆ. ತೆಳು ಕಬ್ಬಿಣದ, ತಳ ಗುಂಡಗಿರುವ ಈ ಬಾಣಲೆ ಬೇಗ ಕಾಯುತ್ತದೆ. ಒಲೆಯೂ ಮನೆಯದರಂತಲ್ಲ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿಗೆ ಜೋಡಿಸಿದ ಬರ್ನರ್ ಬುಸುಗುಟ್ಟುತ್ತ ಉರಿಯುತ್ತದೆ. ಅಂಥ ಉರಿಯಲ್ಲಿ ಒಂದು ಪ್ಲೇಟ್ ನೂಡಲ್ಸ್ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಒಬ್ಬನೇ ಬಾಣಸಿಗ ಗಂಟೆಗೆ ಹತ್ತಿಪ್ಪತ್ತು ಆರ್ಡರ್ ಮುಗಿಸುತ್ತಾನೆ. ಆಳಿನ ಕೂಲಿ, ಗ್ಯಾಸಿನ ಖರ್ಚು, ಗಿರಾಕಿ ಕಾಯುವ ಹೊತ್ತು ಎಲ್ಲವೂ ಪ್ಲೇಟಿನ ಲೆಕ್ಕದಲ್ಲಿ ಇಳಿಯುತ್ತವೆ. ದರ ಕಡಿಮೆಯಾಗುವ ಗುಟ್ಟು ಇದು.

ವೇಗ ಸಾಧ್ಯವಾಗುವುದು ಮಧ್ಯಾಹ್ನದ ತಯಾರಿಯಿಂದ. ಗೋಬಿಯನ್ನೇ ತೆಗೆದುಕೊಳ್ಳಬಹುದು. ಹೂಕೋಸನ್ನು ಎಸಳೆಸಳಾಗಿ ಬಿಡಿಸಿ, ಹುಳ ಬಿಡಲೆಂದು ಉಪ್ಪು ಅರಿಸಿನ ಹಾಕಿದ ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಮೈದಾ, ಕಾರ್ನ್‌ಫ್ಲೋರ್, ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಉಪ್ಪು ಕಲಸಿದ ಹಿಟ್ಟಿನಲ್ಲಿ ಹೊರಳಿಸಿ, 170ರಿಂದ 180 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಎಣ್ಣೆಗೆ ಬಿಡುತ್ತಾರೆ. ಅರೆ ಕರಿದ ಎಸಳುಗಳನ್ನು ಸ್ಟೀಲ್ ತಟ್ಟೆಯಲ್ಲಿ ಗುಡ್ಡೆ ಹಾಕುತ್ತಾರೆ. ಸಂಜೆ ಗಿರಾಕಿ ಬಂದಾಗ ಬೇಕಾದಷ್ಟನ್ನು ಮತ್ತೊಮ್ಮೆ ಎಣ್ಣೆಗೆ ಬಿಡುತ್ತಾರೆ. ಮೊದಲ ಕರಿತದಲ್ಲಿ ಒಳಗಿನ ನೀರು ಹೋಗಿರುತ್ತದೆ, ಎರಡನೆಯ ಕರಿತದಲ್ಲಿ ಹೊರಪದರ ಗರಿಗರಿಯಾಗುತ್ತದೆ. ಇತ್ತ ಬಾಣಲೆಯಲ್ಲಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ದೊಣ್ಣೆಮೆಣಸಿನಕಾಯಿ ಚಟಪಟ ಹುರಿದು, ಸೋಯಾ ಸಾಸ್, ಚಿಲ್ಲಿ ಸಾಸ್, ಟೊಮೆಟೊ ಸಾಸ್, ಒಂದು ಚಮಚ ವಿನೆಗರ್ ಬೀಳುತ್ತದೆ. ಗ್ರೇವಿ ಕೇಳಿದರೆ ನೀರಿನಲ್ಲಿ ಕದಡಿದ ಕಾರ್ನ್‌ಫ್ಲೋರ್ ಹೆಚ್ಚುವರಿ. ಡ್ರೈ ಆದರೆ ಸೌಟಿನಿಂದ ಎರಡು ಸಲ ಮಗುಚಿ, ಮೇಲೆ ಉಳ್ಳಾಗಡ್ಡಿ ಹೆರಕಲು, ಕೊತ್ತಂಬರಿ ಉದುರಿಸಿ ಕೊಡುವುದೇ ಸರಿ.

ಫ್ರೈಡ್ ರೈಸ್ ಮತ್ತು ಎಗ್ ರೈಸಿಗೂ ಇದೇ ಶಿಸ್ತು. ಬಿಸಿ ಅನ್ನ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಮೊದಲೇ ಬೇಯಿಸಿ ಹರವಿ ಆರಿಸಿದ ಅನ್ನದಲ್ಲಿ ಪಿಷ್ಟ ಗಟ್ಟಿಯಾಗಿ ಅಗುಳು ಬಿಡಿಬಿಡಿ ನಿಲ್ಲುತ್ತದೆ. ತುಂಗಭದ್ರಾ ನೀರಿನಲ್ಲಿ ಬೆಳೆಯುವ ಗಂಗಾವತಿ, ಸಿರುಗುಪ್ಪ ಕಡೆಯ ಸೋನಾ ಮಸೂರಿ ಈ ಕೆಲಸಕ್ಕೆ ಒದಗಿಬರುತ್ತದೆ.

ಎಲ್ಲಕ್ಕೂ ಕೊನೆಯಲ್ಲಿ ಬೀಳುವ ಬಿಳಿ ಹರಳಿನ ಹೆಸರು ಬಂಡಿಯವರ ಬಾಯಲ್ಲಿ ಟೇಸ್ಟಿಂಗ್ ಪೌಡರ್. ಇದು ಮೋನೋಸೋಡಿಯಂ ಗ್ಲುಟಮೇಟ್. ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಸಮುದ್ರಪಾಚಿಯ ಸಾರಿನಿಂದ ಇದನ್ನು ಬೇರ್ಪಡಿಸಿದರು. ಮರುವರ್ಷ ‘ಅಜಿನೊಮೊಟೊ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮಾಗಿದ ಟೊಮೆಟೊದಲ್ಲಿಯೂ ಸ್ವಾಭಾವಿಕವಾಗಿ ಇರುವ ಗ್ಲುಟಮೇಟೇ ಇದರ ತಿರುಳು. ಗಂಟೆಗಟ್ಟಲೆ ಎಲುಬು, ತರಕಾರಿ ಕುದಿಸಿ ಪಡೆಯಬೇಕಾದ ರುಚಿಯ ತುಸು ಭಾಗವನ್ನು ಚಿಟಿಕೆಯಲ್ಲಿ ಕೊಡುವುದರಿಂದ ಅಗ್ಗದ ಅಡುಗೆಗೆ ಇದು ಅನಿವಾರ್ಯವಾಗಿದೆ.

ಮೆನು ಓದುವ ಬಗೆ

ಪ್ಯಾನ್ ಏಷ್ಯನ್ ಹೋಟೆಲಿನ ಮೆನು ಹತ್ತಾರು ಪುಟವಿದ್ದರೂ ಒಳಗಿನ ಕಪಾಟು ಚಿಕ್ಕದು. ಹಕ್ಕಾ, ಶೇಜ್ವಾನ್, ಸಿಂಗಪುರ್, ಹಾಂಗ್‌ಕಾಂಗ್, ಬರ್ನ್ಟ್ ಗಾರ್ಲಿಕ್ ಎಂಬ ಐದು ಹೆಸರಿನ ನೂಡಲ್ಸ್‌ಗಳಲ್ಲಿ ಬೇಯಿಸಿದ ನೂಡಲ್ಸ್ ಒಂದೇ ಇರುತ್ತದೆ. ಕೆಂಪು ಚಟ್ನಿ ಬಿದ್ದರೆ ಶೇಜ್ವಾನ್, ಕರಿ ಪುಡಿ ಬಿದ್ದರೆ ಸಿಂಗಪುರ್. ಅರಿಸಿನ ಬಣ್ಣದ ಸಿಂಗಪುರ್ ನೂಡಲ್ಸ್ ಸಿಂಗಪುರದ ಸ್ವಂತ ಅಡುಗೆಯೂ ಅಲ್ಲ, ಹಾಂಗ್‌ಕಾಂಗ್ ಕಡೆಯ ಹೋಟೆಲುಗಳ ಕೊಡುಗೆ. ಶೇಜ್ವಾನ್‌ಗೆ ಹೆಸರು ಕೊಟ್ಟ ಸಿಚುವಾನ್ ಪ್ರಾಂತ್ಯದ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಒಂದು ಬಗೆಯ ಕಾಳು ಸಾಮಾನ್ಯವಾಗಿ ಇರುತ್ತದೆ. ನಮ್ಮ ಬಂಡಿಯ ಶೇಜ್ವಾನ್‌ನಲ್ಲಿ ಅದು ಇರುವುದಿಲ್ಲ, ಬ್ಯಾಡಗಿ ಅಥವಾ ಗುಂಟೂರು ಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯೇ ಸಾಕಾಗುತ್ತದೆ. ಅದೇ ಕಾಳಿನ ಹತ್ತಿರದ ಬಂಧು ಪಶ್ಚಿಮ ಘಟ್ಟದ ಜುಮ್ಮನಕಾಯಿ. ಕರಾವಳಿಯ ಕೊಂಕಣಿಗರು ಇದನ್ನು ತೆಪ್ಪಲ ಎಂದು ಕರೆದು ಬಂಗುಡೆ ಸಾರಿಗೆ ಹಾಕುತ್ತಾರೆ.

ಮೆನುವಿನಲ್ಲಿ ಯಾವುದನ್ನು ಕಡಿಮೆ ದರದಲ್ಲಿ ಚೆನ್ನಾಗಿ ಮಾಡಬಹುದು, ಯಾವುದನ್ನು ಆಗದು ಎಂಬುದು ಸಾಮಗ್ರಿಯ ಮೇಲೆ ನಿಂತಿದೆ. ಬಾಣಲೆಯಲ್ಲಿ ಹುರಿದದ್ದು ಮತ್ತು ಹಬೆಯಲ್ಲಿ ಬೇಯಿಸಿದ್ದು ಅಗ್ಗದ ಹೋಟೆಲಿನಲ್ಲೂ ಚೆನ್ನಾಗಿರುತ್ತದೆ. ಥಾಯ್ ಹಸಿರು ಕರಿಗೆ ಕಾಡುಶುಂಠಿಯಂಥ ಗಲಾಂಗಲ್, ಮಜ್ಜಿಗೆ ಹುಲ್ಲು, ಕಾಫಿರ್ ನಿಂಬೆಯ ಎಲೆ ಅರೆದ ತಾಜಾ ಮಸಾಲೆ ಬೇಕು. ಅಗ್ಗದಲ್ಲಿ ಅದು ಡಬ್ಬಿಯ ಪೇಸ್ಟ್ ಮತ್ತು ಪ್ಯಾಕೆಟ್ಟಿನ ತೆಂಗಿನಹಾಲು ಆಗುತ್ತದೆ. ರಾಮೆನ್ ಎಂದರೆ ಮೂಲತಃ ಗಂಟೆಗಟ್ಟಲೆ ಕುದಿದ ಸಾರು. ದರ ಇಳಿದಷ್ಟೂ ಸಾರಿನ ಜಾಗಕ್ಕೆ ಪುಡಿ ಬರುತ್ತದೆ. ಸುಶಿಗೆ ಹಸಿ ಮೀನು ಬೇಕಾದರೆ ಸಮುದ್ರದಿಂದ ತಟ್ಟೆಯವರೆಗೆ ಮಂಜಿನ ತಣ್ಪು ಕೆಡಬಾರದು. ಆ ಖರ್ಚು ತಪ್ಪಿಸಲು ಸೌತೆಕಾಯಿ, ಗಜ್ಜರಿ, ಮಾವು, ಕ್ರೀಮ್ ಚೀಸ್ ಸುತ್ತಿದ ಸುಶಿ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಅದೇ ಅನುಕೂಲವೂ ಆಗಿದೆ. ಬರ್ಮಾದ ಖೌಸ್ವೆ ಮಾತ್ರ ಈ ತಾಪತ್ರಯಗಳಿಂದ ದೂರ. ತೆಂಗಿನಹಾಲು, ಕಡಲೆಹಿಟ್ಟು, ಅರಿಸಿನದ ಸಾರಿಗೆ ನೂಡಲ್ಸ್ ಹಾಕಿ ಮೇಲೆ ಹುರಿದ ಬೆಳ್ಳುಳ್ಳಿ, ಕಡಲೆಬೀಜ ಉದುರಿಸುವ ಈ ಪದಾರ್ಥಕ್ಕೆ ಬೇಕಾದದ್ದೆಲ್ಲ ನಮ್ಮ ಸಂತೆಯಲ್ಲೇ ಸಿಗುತ್ತದೆ.

ತಿನ್ನುವ ರೀತಿಯಲ್ಲಿ ಕಟ್ಟುಪಾಡಿಲ್ಲ. ಚಾಪ್‌ಸ್ಟಿಕ್ ಮೇಜಿನ ಮೇಲಿದ್ದರೂ ಫೋರ್ಕ್, ಚಮಚ ಕೇಳಿದರೆ ಕೊಡುತ್ತಾರೆ. ಊಟ ತನ್ನಿಚ್ಛೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಪದಾರ್ಥಗಳನ್ನು ಒಬ್ಬೊಬ್ಬರಿಗೆ ಒಂದೊಂದು ತರಿಸದೆ ನಡುವೆ ಇಟ್ಟು ಹಂಚಿಕೊಳ್ಳುವುದು ಪೂರ್ವ ಏಷ್ಯಾದ ಪದ್ಧತಿಯೂ ಹೌದು, ಜೇಬಿಗೆ ಹಿತವೂ ಹೌದು. ಮೂವರಿಗೆ ಒಂದು ಸ್ಟಾರ್ಟರ್, ಒಂದು ನೂಡಲ್ಸ್, ಒಂದು ರೈಸ್, ಒಂದು ಗ್ರೇವಿ ಸಾಕಾಗುತ್ತದೆ.

ಬಿಲ್ಲಿನಲ್ಲಿ ನೋಡಬೇಕಾದದ್ದು ಎರಡು ಸಾಲು. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ಊಟಕ್ಕೆ, ಏಸಿ ಇರಲಿ ಇಲ್ಲದಿರಲಿ, ಜಿಎಸ್‌ಟಿ ಶೇ 5. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲು ಗ್ರಾಹಕರಿಂದ ಈ ತೆರಿಗೆ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕ ಕಡ್ಡಾಯವಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಬೇಡವೆಂದರೆ ಆ ಸಾಲನ್ನು ತೆಗೆಸಬಹುದು.

ಮೈಲಾರ ಸೀಮೆಯ ಬಂಡಿ

2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸಂಜೆಯ ತಿಂಡಿ ಎಂದರೆ ಮಂಡಕ್ಕಿ ಮತ್ತು ಮಿರ್ಚಿ. ಒಗ್ಗರಣೆ ಹಾಕಿದ ಮಂಡಕ್ಕಿಯ ಗುಡ್ಡೆ, ಪಕ್ಕದಲ್ಲಿ ಬಿಸಿ ಮಿರ್ಚಿ, ಕಡಿದುಕೊಳ್ಳಲು ಹಸಿ ಉಳ್ಳಾಗಡ್ಡಿ. ಹೊಟ್ಟೆ ತುಂಬ ಊಟಕ್ಕೆ ರೊಟ್ಟಿ ಖಾನಾವಳಿ ಇದ್ದೇ ಇದೆ. ಗೋಬಿ ಬಂಡಿ ಇವುಗಳ ಜಾಗ ಕಿತ್ತುಕೊಳ್ಳಲಿಲ್ಲ, ಪಕ್ಕದಲ್ಲಿ ನಿಂತಿತು. ಅದಕ್ಕೆ ಹೊಸ ಕೈಚಳಕವೂ ಬೇಕಾಗಲಿಲ್ಲ. ಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಬಲ್ಲವರಿಗೆ ಹೂಕೋಸನ್ನು ಮೈದಾದಲ್ಲಿ ಅದ್ದಿ ಕರಿಯುವುದು ಕಷ್ಟವೇ? ಎಣ್ಣೆ ಬಾಣಲೆ, ಜಾರಿ, ಒಲೆ ಮೊದಲೇ ಇದ್ದವು. ಸಾಸಿನ ಬಾಟಲಿ ಮಾತ್ರ ಹೊಸದಾಗಿ ಬಂತು.

ಬಂಡಿ ಊರಿಗೆ ಬಂದ ದಾರಿಯಲ್ಲಿ ಬೆಂಗಳೂರಿನ ಪಾತ್ರವಿದೆ. ಮಳೆ ನೆಚ್ಚಿದ ಈ ಸೀಮೆಯಿಂದ ಕಟ್ಟಡ ಕೆಲಸಕ್ಕೆ, ಹೋಟೆಲು ಕೆಲಸಕ್ಕೆ ಗುಳೆ ಹೋಗುವವರು, ಓದಲು ಮತ್ತು ಕಂಪನಿ ಕೆಲಸಕ್ಕೆ ಹೋಗಿ ಪಿಜಿಗಳಲ್ಲಿ ಇರುವವರು ಅನೇಕ. ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದುಹೋಗುವ ಇವರ ನಾಲಿಗೆಯಲ್ಲಿ ನಗರದ ರುಚಿಯೂ ಬರುತ್ತದೆ. ನಗರದ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿ, ತರಕಾರಿ ಹೆಚ್ಚುವವನಾಗಿ, ಕೊನೆಗೆ ಬಾಣಲೆ ಹಿಡಿದವನಿಗೆ ಊರಿಗೆ ಮರಳಿ ಒಂದು ಬಂಡಿ ಹಾಕುವಷ್ಟು ವಿದ್ಯೆ ಕೈಗೆ ಹತ್ತಿರುತ್ತದೆ.

ಜಾತ್ರೆಗಳು ಈ ವ್ಯಾಪಾರದ ಸುಗ್ಗಿ. ಫೆಬ್ರುವರಿ ಸುಮಾರಿಗೆ ಭರತ ಹುಣ್ಣಿಮೆಯ ಹೊತ್ತಿನಲ್ಲಿ ಮೈಲಾರಲಿಂಗೇಶ್ವರನ ಜಾತ್ರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಎಂಬ ಭವಿಷ್ಯವಾಣಿ ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಅದರ ಆಚೀಚೆಗೆ ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು. ದಾವಣಗೆರೆ ಕಡೆಯಿಂದ ಪಾದಯಾತ್ರಿಗಳು ನಡೆದು ಬರುತ್ತಾರೆ, ದಾರಿಯುದ್ದಕ್ಕೂ ಊರವರು ಪ್ರಸಾದ, ಮಜ್ಜಿಗೆ ಹಂಚುತ್ತಾರೆ. ಬೆಂಡು ಬತ್ತಾಸು, ಮಂಡಕ್ಕಿ, ಕಾರದಾಣಿಗಳ ಅಂಗಡಿ ಸಾಲಿನ ಪಕ್ಕದಲ್ಲೇ ಈಗ ಗೋಬಿ, ಎಗ್ ರೈಸ್, ನೂಡಲ್ಸ್ ಬಂಡಿಗಳಿಗೂ ಗಿರಾಕಿಗಳಿದ್ದಾರೆ.

ಈ ಬಂಡಿಯ ಮೇಲಿನ ಸಾಮಾನಿನ ಮೂಲ ಹುಡುಕಿದರೆ ಒಂದಷ್ಟು ಇದೇ ಸೀಮೆಯ ಹೊಲಕ್ಕೆ ಬಂದು ಮುಟ್ಟುತ್ತದೆ. ಕಾರ್ನ್‌ಫ್ಲೋರ್ ಎಂಬುದು ಮೆಕ್ಕೆಜೋಳದ ಪಿಷ್ಟ. ಒಣ ಕಾಳಿನಲ್ಲಿ ಶೇ 60ರಿಂದ 70ರಷ್ಟು ಪಿಷ್ಟವೇ ಇರುತ್ತದೆ. ಕಾಳನ್ನು ನೆನೆಸಿ, ಅರೆದು, ಮೊಳಕೆಯ ಭಾಗ ಮತ್ತು ಸಿಪ್ಪೆ ಬೇರ್ಪಡಿಸಿ, ಉಳಿದ ಹಾಲನ್ನು ಒಣಗಿಸಿದರೆ ಬಿಳಿ ಪುಡಿ ಸಿಗುತ್ತದೆ. ಹರಪನಹಳ್ಳಿ, ದಾವಣಗೆರೆ, ಹಾವೇರಿ ಸುತ್ತಿನ ಕಪ್ಪು ಮತ್ತು ಕೆಂಪು ನೆಲದಲ್ಲಿ ಬಿಳಿಜೋಳ, ಹತ್ತಿ, ನವಣೆಗಳಿದ್ದ ಜಾಗವನ್ನು ಕೆಲವು ದಶಕಗಳಿಂದ ಮೆಕ್ಕೆಜೋಳ ಆವರಿಸಿಕೊಂಡಿದೆ. ಅದರ ಹೆಚ್ಚಿನ ಪಾಲು ಕೋಳಿ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆ. ಗೋಕಾಕದಲ್ಲಿಯೂ ಅಂಥ ಕಾರ್ಖಾನೆ ಇದೆ. ರೈತ ಚೀಲದಲ್ಲಿ ಮಾರಿದ ಕಾಳು ಚಿಕ್ಕ ಪೊಟ್ಟಣದ ಹಿಟ್ಟಾಗಿ ಬಂಡಿಗೆ ಬರುತ್ತದೆ, ನಡುವೆ ಅದರ ಬೆಲೆ ಹಲವು ಪಟ್ಟು ಏರಿರುತ್ತದೆ. ಕೂ‌ಡ್ಲಿಗಿ, ಕೊಟ್ಟೂರು ಕಡೆಯ ಉಳ್ಳಾಗಡ್ಡಿಯೂ ಹೀಗೆಯೇ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯ ಹಾದಿ ಹಿಡಿಯುತ್ತದೆ.

ಬಣ್ಣ ಮತ್ತು ಎಣ್ಣೆ

ಗೋಬಿಯ ಕಡುಗೆಂಪು ಬಣ್ಣವೇ ಅದರ ಕುತ್ತಿಗೆಗೆ ಬಂದದ್ದು 2024ರಲ್ಲಿ. ಆ ವರ್ಷದ ಆರಂಭದಲ್ಲಿ ಗೋವಾದ ಮಾಪುಸಾ ಪುರಸಭೆ ಕೃತಕ ಬಣ್ಣ ಮತ್ತು ನೈರ್ಮಲ್ಯದ ಕಾರಣ ಕೊಟ್ಟು ಗೋಬಿ ಮಂಚೂರಿ ಮಾರಾಟವನ್ನೇ ನಿಷೇಧಿಸಿತು. ಕರ್ನಾಟಕ ಆರೋಗ್ಯ ಇಲಾಖೆ ರಾಜ್ಯದಾದ್ಯಂತ ಗೋಬಿಯ 171 ಮಾದರಿ ಸಂಗ್ರಹಿಸಿ ಪರೀಕ್ಷಿಸಿತು. 107ರಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್‌ನಂಥ ಬಣ್ಣಗಳು ಸಿಕ್ಕವು. ಜೊತೆಗೇ ಪರೀಕ್ಷಿಸಿದ ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಅವುಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್–ಬಿ ಪತ್ತೆಯಾಯಿತು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ತಪ್ಪಿದರೆ ಏಳು ವರ್ಷದಿಂದ ಜೀವಾವಧಿವರೆಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗೆ ದಂಡ. ಅದೇ ವರ್ಷದ ಜೂನ್ ತಿಂಗಳಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ನಿಷೇಧವಾದದ್ದು ಗೋಬಿಯಲ್ಲ, ಬಣ್ಣ. ಈ ಬಣ್ಣಗಳಲ್ಲಿ ಕೆಲವಕ್ಕೆ ಐಸ್‌ಕ್ರೀಮು, ಮಿಠಾಯಿಗಳಲ್ಲಿ ಮಿತಿಯೊಳಗೆ ಅನುಮತಿಯಿದೆ, ರೋಡಮಿನ್–ಬಿಗೆ ಯಾವ ತಿನಿಸಿನಲ್ಲಿಯೂ ಇಲ್ಲ.

ಬಣ್ಣ ಬೇಕೇ ಬೇಕೆಂದರೆ ಅದಕ್ಕೆ ಮದ್ದು ಮೈಲಾರದಿಂದ ಹೊಳೆ ದಾಟಿದರೆ ಸಿಗುತ್ತದೆ. ತುಂಗಭದ್ರೆಯ ಆಚೆ ದಡ ಹಾವೇರಿ ಜಿಲ್ಲೆ. ಅಲ್ಲಿನ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಖಾರ ಕಡಿಮೆ, ಬಣ್ಣ ಗಾಢ ಎಂಬುದೇ ಅದರ ಹೆಗ್ಗಳಿಕೆ. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಬಣ್ಣದ ಸತ್ವ ಆಹಾರ ಮತ್ತು ಸೌಂದರ್ಯವರ್ಧಕ ಉದ್ಯಮಗಳಿಗೆ ಹೋಗುತ್ತದೆ. ಮೆಣಸಿನಕಾಯಿಯನ್ನು ನೆನೆಸಿ ಅರೆದು ಹಿಟ್ಟಿಗೆ ಕಲಸಿದರೆ ಗೋಬಿಗೆ ಇಟ್ಟಿಗೆ ಬಣ್ಣ ಬರುತ್ತದೆ. ಡಬ್ಬಿಯ ಬಣ್ಣಕ್ಕಿಂತ ಇದು ದುಬಾರಿ, ಮಿಂಚು ಕಡಿಮೆ, ಕರಿದಂತೆಲ್ಲ ತುಸು ಕಂದಾಗುತ್ತದೆ. ಗಿರಾಕಿ ಗಮನಿಸಬೇಕಾದದ್ದೂ ಇದನ್ನೇ. ಕಂದು ಬಣ್ಣದ ಗೋಬಿ ಸಹಜ. ಬೆರಳಿಗೆ, ಕಾಗದಕ್ಕೆ ಅಂಟಿ ಉಳಿಯುವ ಕಡುಗೆಂಪು ಸಂಶಯಕ್ಕೆ ಎಡೆ.

ಬಣ್ಣದಷ್ಟೇ ಮುಖ್ಯವಾದದ್ದು ಎಣ್ಣೆ. ಒಂದೇ ಎಣ್ಣೆಯನ್ನು ಪದೇ ಪದೇ ಕಾಯಿಸಿದಾಗ ಅದು ಒಡೆದು ‘ಪೋಲಾರ್’ ಸಂಯುಕ್ತಗಳು ಹೆಚ್ಚುತ್ತವೆ. ಇವು ಶೇ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಂಡಿಯ ಮುಂದೆ ಅದನ್ನು ಅಳೆಯುವ ಉಪಕರಣ ಇರುವುದಿಲ್ಲ. ಆದರೆ ಎಣ್ಣೆ ಕಪ್ಪಾಗಿ ದಪ್ಪಗಿದ್ದರೆ, ಅಂಚಿನಲ್ಲಿ ನೊರೆ ನಿಂತಿದ್ದರೆ, ಹೆಚ್ಚು ಕಾಯುವ ಮೊದಲೇ ಹೊಗೆಯಾಡಿದರೆ ಅದು ಹಳೆಯದು ಎಂದು ಬರಿಗಣ್ಣಿಗೇ ತಿಳಿಯುತ್ತದೆ. ಹೂಕೋಸಿನ ದರ ಏರುವ ಬೇಸಿಗೆಯಲ್ಲಿ ಎಲೆಕೋಸಿನ ಉಂಡೆಯನ್ನು ಗೋಬಿಯೆಂದು ಕೊಡುವ ರೂಢಿ ಕೆಲವೆಡೆ ಇದೆ. ಅದರಿಂದ ಆರೋಗ್ಯಕ್ಕೆ ಕೆಡುಕಿಲ್ಲ, ದರದಲ್ಲಿ ಮಾತ್ರ ಮೋಸ. ಬೆಂಗಳೂರಿನ ಏಸಿ ಹೋಟೆಲಿನಲ್ಲಿ ಒಲೆ ಗೋಡೆಯ ಹಿಂದಿದ್ದು ಎಣ್ಣೆ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಬಂಡಿಯಲ್ಲಿ ಬಾಣಲೆ ಎದುರಿಗೇ ಇರುತ್ತದೆ, ಆರ್ಡರ್ ಕೊಡುವ ಮೊದಲು ಇಣುಕಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.